ಪದ್ಮಕ್ಕನ ಏಳು ನರಕಗಳು

ನಮ್ಮವ್ವ ಹೊಲಿದಿಟ್ಟು ಹೋದ ಕೌದಿಯೊಂದು ಈಗ ಬೆಳಗಾವಿಯ ಅನಗೋಳದ ನಮ್ಮ ಮನೆಯ ಮಾಳಿಗೆ ಕೋಣೆಯ ಬಾಗಿಲಿಗೆ ಪರದೆಯಾಗಿ ತೂಗುತ್ತಿದೆ. ತನ್ನ ಹಳೆಯ ಇಳಕಲ್ ಸೀರೆ, ಅಪ್ಪನ ಸವೆದ ಧೋತರ, ನಾವು ಮಕ್ಕಳು ಬೆಳೆದು ಬಿಟ್ಟುಕೊಟ್ಟ ಅಂಗಿಗಳು, ಹೀಗೆ ಒಂದು ಇಡೀ ಸಂಸಾರವನ್ನು ತುಂಡು ಮಾಡಿ, ಮತ್ತೆ ಒಂದಾಗಿ ಕೂಡಿಸಿ, ಮಳೆಗಾಲದ ಚಳಿ ತಡೆಯಲೆಂದು ಆಕೆ ಅದನ್ನು ಹೊಲಿದಿದ್ದಳು. ಅದೀಗ ತಡೆಯುತ್ತಿರುವುದು ಸಂಗೀತವನ್ನು. ತಡೆಯುತ್ತಿದೆ ಎಂದೆನೆ? ಕ್ಷಮಿಸಿ, ಸೋಸುತ್ತಿದೆ. ಒಳಗೆ ಹುಟ್ಟಿದ ಗದ್ದಲದಲ್ಲಿ ದಪ್ಪನೆಯದೆಲ್ಲ ಕೌದಿಯಲ್ಲಿ ಉಳಿದು, ಸಣ್ಣದು ಮೆಟ್ಟಿಲಿಳಿದು ಅಡುಗೆಮನೆಗೆ ಬಂದು, ತಾಟು-ವಾಟಿಗಳಿಗೆ ಚಳಿಜ್ವರ ಹತ್ತಿಸುತ್ತದೆ.

ಆ ಗದ್ದಲದ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ, ಗೆಳೆಯರೇ. ಮೊದಲು ನನ್ನ ಅರ್ಹತೆ ಏನೆಂದು ತಿಳಿಸಿಬಿಡುತ್ತೇನೆ. ನಾನು ಹಲ್ಲಿನ ವೈದ್ಯ. ದಂಡಿನ ಕ್ಯಾಂಪಿನ ಹಳೆಯ ಬಂಗಲೆಯೊಂದರ ಮುಂಗೋಣೆಯಲ್ಲಿ ನನ್ನ ದವಾಖಾನೆ. ಅನ್ಯರ ಕಿರುಚಾಟದ ಮೇಲೆಯೇ ಮನೆ ಕಟ್ಟಿಸಿ, ಮಗನನ್ನು ಓದಿಸಿದವನು. ಆದ್ದರಿಂದ ಕಿರುಚುವಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ತುಸು ತೂಕವಿದೆಯೆಂದು ನಂಬಿದ್ದೇನೆ. ಸೂಜಿ ಕಂಡೊಡನೆ ಕಿರುಚುವ ಫೌಜಿ, ಸೂಜಿ ಚುಚ್ಚಿದರೂ ಕಿರುಚದೆ ಸೊಸೆಯ ಹೆಸರು ಹಿಡಿದು ಶಪಿಸುವ ಮುದುಕಿ, ಕುರ್ಚಿಯಲ್ಲಿ ಮೇಕೆಮರಿಯಂತೆ ಕುಳಿತಿದ್ದು ಹೊರಗೆ ಹೋದಮೇಲೆ ಮೈಕು ಹಿಡಿದು ಕಿರುಚುವ ಪುಢಾರಿ, ಎಲ್ಲರನ್ನೂ ಬಲ್ಲೆ. ಕೆಲಸ ಮುಗಿದ ಮೇಲೆ ಹಿಂದುಸ್ತಾನಿ ಖಯಾಲ್ ಕೇಳುವುದು ನನ್ನ ಚಟ. ದಿನವಿಡೀ ತೆರೆದ ಬಾಯಿಗಳನ್ನು ನೋಡಿದವನಿಗೆ, ತೆರೆದ ಬಾಯಿಂದ ಹಿತವಾದದ್ದೂ ಹೊರಡಬಲ್ಲದು ಎಂಬ ಭರವಸೆ ಬೇಕಾಗುತ್ತದೆ.

ಮಗ ಶ್ರೇಯಾಂಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಉಸುಕು ಪರೀಕ್ಷಿಸುವ ಎಂಜಿನಿಯರ. ಕಾದ ಕಬ್ಬಿಣ ಸುರಿಯುವ ಅಚ್ಚಿನ ಉಸುಕಿನಲ್ಲಿ ಎಷ್ಟು ತೇವ, ಎಷ್ಟು ಜಿಗುಟು ಎಂದು ನೋಡುವುದು ಅವನ ಹಗಲಿನ ಉದ್ಯೋಗ. ನಾವು ಜೈನರು, ಹೊತ್ತು ಮುಳುಗುವ ಮುಂಚೆ ನಮ್ಮಲ್ಲಿ ಊಟ ಮುಗಿಯಬೇಕು. ಆದ್ದರಿಂದ ಸಂಜೆ ಅವನ ಮೋಟರ್‌ಸೈಕಲ್ಲಿಗೂ ಸೂರ್ಯನಿಗೂ ದಿನಾಲು ಪಂದ್ಯ. ಗೆದ್ದರೆ ಉಂಡು, ಸೋತರೆ ಉಪವಾಸವಿದ್ದು ಮಾಳಿಗೆ ಹತ್ತುತ್ತಾನೆ, ಕೌದಿ ಇಳಿಬಿಡುತ್ತಾನೆ, ಗಿಟಾರು ಎತ್ತಿಕೊಳ್ಳುತ್ತಾನೆ. ಇರುವೆಯ ಸಾಲು ಕಂಡರೆ ದಾಟಿ ಕಾಲಿಡುವ ಹುಡುಗ. ಅಂಥವನು ಕಟ್ಟುತ್ತಿದ್ದದ್ದು ಬ್ಲ್ಯಾಕ್ ಮೆಟಲ್ ಎಂಬ ಸಂಗೀತದ ಆಲ್ಬಮ್ಮು.

ಈ ಸಂಗೀತದ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಹಿಮ ಬೀಳುವ ದೂರದ ದೇಶಗಳಲ್ಲಿ, ಹೊಟ್ಟೆ ತುಂಬಿದ ಮನೆಗಳ ಹುಡುಗರು ದೇವರ ಮೇಲೆ ಸಿಟ್ಟಾಗಿ, ಮುಖಕ್ಕೆ ಸುಣ್ಣ ಬಳಿದು, ಕಣ್ಣ ಸುತ್ತ ಮಸಿ ಹಚ್ಚಿ, ಅಡವಿಯಲ್ಲಿ ನಿಂತು ಒದರತೊಡಗಿದರಂತೆ. ಅದು ಬೆಳೆದು ಪಂಥವಾಯಿತು, ಪಂಥ ಒಡೆದು ಉಪಪಂಥಗಳಾದವು. ಇದರಲ್ಲಿ ನಮ್ಮ ಹುಡುಗನಿಗೊಂದು ತಾತ್ವಿಕ ಅಡಚಣೆ ಇತ್ತು. ನಮ್ಮ ಧರ್ಮದಲ್ಲಿ ಜಗತ್ತನ್ನು ಹುಟ್ಟಿಸಿದ ದೇವರೇ ಇಲ್ಲ. ಸಿಟ್ಟಾಗುವುದಾದರೂ ಯಾರ ಮೇಲೆ? ಮಾಡಿದ್ದುಣ್ಣೋ ಮಹರಾಯ ಎನ್ನುವ ಕರ್ಮಸಿದ್ಧಾಂತದಲ್ಲಿ ಬಂಡಾಯಕ್ಕೆ ಜಾಗವೇ ಕಡಿಮೆ. ಆದರೆ ನರಕಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದರ ಕೆಳಗೊಂದರಂತೆ ಏಳು ನರಕಗಳು, ಹೆಸರುಗಳೋ ಒಡವೆ ಅಂಗಡಿಯ ಫಲಕಗಳಂತೆ: ರತ್ನಪ್ರಭೆ, ಶರ್ಕರಾಪ್ರಭೆ, ವಾಲುಕಾಪ್ರಭೆ, ಪಂಕಪ್ರಭೆ, ಧೂಮಪ್ರಭೆ, ತಮಃಪ್ರಭೆ, ಕಟ್ಟಕಡೆಗೆ ಮಹಾತಮಃಪ್ರಭೆ. ಹರಳು, ಉಸುಕು, ಕೆಸರು, ಹೊಗೆ, ಕತ್ತಲೆ. ಇವುಗಳಲ್ಲಿ ಉಸುಕು ಮತ್ತು ಹೊಗೆ ಅವನಿಗೆ ಫೌಂಡ್ರಿಯಲ್ಲೇ ಸಿಗುತ್ತಿದ್ದವು. ಕೆಸರು ಫೌಂಡ್ರಿಗೆ ಹೋಗುವ ರಸ್ತೆಯಲ್ಲಿ. ರತ್ನಪ್ರಭೆಯನ್ನು ನಾನು ನಮ್ಮ ಸಮಾಜದ ಅಧ್ಯಕ್ಷ ಅಣ್ಣಾಸಾಹೇಬರ ಬೆರಳುಗಳಲ್ಲಿ ಆಗಾಗ ಕಂಡಿದ್ದೇನೆ. ಇವುಗಳಲ್ಲಿ ಕೊನೆಯ ಎರಡು ನರಕಗಳಲ್ಲಿ ಬೆಂಕಿಯಲ್ಲ, ಕೊರೆಯುವ ಚಳಿ. ಇದು ಗೊತ್ತಾದ ದಿನ ಹುಡುಗ ಕುಣಿದಾಡಿದ. ಹಿಮದ ದೇಶದವರಿಗೆ ತೋರಿಸಲು ಅವನಿಗೂ ಒಂದು ಹಿಮ ಸಿಕ್ಕಿತ್ತಲ್ಲ!

ಹಾಗೆ ಏಳು ನರಕಗಳಿಗೆ ಏಳು ಹಾಡು. ಬ್ಯಾಂಡಿನಲ್ಲಿ ಅವನೊಬ್ಬನೇ, ಅದಕ್ಕೆ ನಿಗೋದ ಎಂದು ಹೆಸರಿಟ್ಟ. ಜೀವಗಳು ಉಸಿರಾಡಲೂ ಜಾಗವಿಲ್ಲದಂತೆ ಕಿಕ್ಕಿರಿದಿರುವ ಅತಿ ಕೀಳು ಹುಟ್ಟಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಬ್ಬನೇ ಇರುವ ಬ್ಯಾಂಡಿಗೆ ಕಿಕ್ಕಿರಿದ ಹೆಸರು.

"ಇದು ಬರೇ ಬ್ಲ್ಯಾಕ್ ಮೆಟಲ್ ಅಲ್ಲ ಪಪ್ಪಾ, ಅಟ್ಮಾಸ್ಫಿಯರಿಕ್," ಎಂದು ಊಟಕ್ಕೆ ಕೂತಾಗ ವಿವರಿಸಿದ.

"ಹಂಗಂದ್ರ?"

"ವಾತಾವರಣದ್ದು."

"ಬೆಳಗಾವಿ ವಾತಾವರಣ ಛಲೋನ ಐತಲ್ಲಪಾ. ಅದಕ್ಯಾಕ ಇಷ್ಟ ತ್ರಾಸ ಕೊಡ್ತಿ?"

ನನ್ನ ಹೆಂಡತಿ ಸುನಂದಾ ನಗಲಿಲ್ಲ. ಆಕೆಗೆ ಚಿಂತೆ ಬೇರೆ. ಕನ್ಯೆ ನೋಡಲು ಹೋದಾಗ ಹುಡುಗ ಸಂಜೆ ಹೊತ್ತು ಏನು ಮಾಡುತ್ತಾನೆ ಎಂದು ಕೇಳಿದರೆ, ನರಕ ಮಾಡುತ್ತಾನೆ ಎನ್ನಲಾದೀತೆ?

ಆದರೆ ನರಕಕ್ಕೆ ಒಂದು ಕೊರತೆ ಇತ್ತು. ಗಿಟಾರು, ನಗಾರಿ, ಫೌಂಡ್ರಿಯ ಕುಲುಮೆಯ ಮೊರೆತ, ಎಲ್ಲವೂ ಕೂಡಿತ್ತು. ಒದರುವ ದನಿ ಮಾತ್ರ ಇರಲಿಲ್ಲ. ಹುಡುಗನ ಕಂಠ ಹಾಲಿನಂಥದು. ಅವನು ಕೌದಿಯ ಹಿಂದೆ ನಿಂತು ಒದರಿದಾಗ ಅದು ನರಕದಲ್ಲಿ ಬಿದ್ದವನ ಆಕ್ರಂದನದಂತೆ ಅಲ್ಲ, ನರಕದ ವಿಳಾಸ ಕೇಳುತ್ತ ನಿಂತ ಸಂಭಾವಿತನ ವಿಚಾರಣೆಯಂತೆ ಕೇಳಿಸುತ್ತಿತ್ತು. ನನ್ನ ವೃತ್ತಿಯ ಅನುಭವದಿಂದ ಹೇಳಿದೆ: "ಇದು ಸೂಜಿ ಚುಚ್ಚೂ ಮೊದಲಿಂದು. ಹಲ್ಲ ಕೀಳೂ ಮುಂದ ಬರೂದು ಬ್ಯಾರೆ ಇರತೈತಿ." ಅವನು ಹಟಕ್ಕೆ ಬಿದ್ದು ಒದರಿ, ಗಂಟಲು ಕಟ್ಟಿಸಿಕೊಂಡು, ಜ್ಯೇಷ್ಠಮಧುವಿನ ಕಡ್ಡಿ ಕಚ್ಚುತ್ತ ತಿರುಗಾಡಿದ.

ಅಷ್ಟರಲ್ಲಿ ನಮ್ಮ ಪದ್ಮಕ್ಕ ಬಂದಳು.

ಪದ್ಮಕ್ಕ ನನ್ನ ಹಿರಿಯಕ್ಕ. ಖಾನಾಪುರದ ಸಾಲಿಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮದುವೆಯ ಮಾತು ಬಂದಾಗಲೆಲ್ಲ, "ವರ್ಗದಾಗ ಇರೂ ಹುಡುಗ್ರ ಸಾಕು, ಮನಿಯಾಗೊಂದ ಬ್ಯಾಡ," ಎಂದು ಹೇಳಿ, ಆ ಮಾತಿನಂತೆಯೇ ನಡೆದು, ಊರಂಚಿನ ಸ್ವಂತ ಮನೆಯಲ್ಲಿ ಹಾಯಾಗಿದ್ದಾಳೆ. ಆಕೆ ಕಲಿಸುತ್ತಿದ್ದ ಸಾಲಿಗೆ ತಗಡಿನ ಮಾಡು. ಖಾನಾಪುರದ ಮಳೆ ತಗಡಿನ ಮೇಲೆ ಬಿದ್ದರೆ ಸಿಡಿಲೂ ತನ್ನ ಸರದಿಗೆ ಕಾಯಬೇಕು. ಆ ಸದ್ದನ್ನು ಮೀರಿಸಿ ಒಂದೇ ಕೋಣೆಯಲ್ಲಿ ಈ ಕಡೆ ಕನ್ನಡದ ಮಕ್ಕಳಿಗೆ, ಆ ಕಡೆ ಮರಾಠಿಯ ಮಕ್ಕಳಿಗೆ ಆಕೆ ನೌಕರಿಯುದ್ದಕ್ಕೂ ಪಾಠ ಹೇಳಿದಳು. ಅದರಿಂದ ಮಕ್ಕಳಿಗೆ ವಿದ್ಯೆ ಬಂತು; ಆಕೆಯ ಗಂಟಲಿಗೆ ಗಂಟು ಬಂತು. ಮಾತಾಡಿದರೆ ಎರಡು ದನಿ ಒಟ್ಟಿಗೆ ಹೊರಡುತ್ತಿದ್ದವು, ಒಂದು ಬೀಸುಕಲ್ಲಿನದು, ಇನ್ನೊಂದು ಆ ಬೀಸುಕಲ್ಲಿನ ಕೆಳಗೆ ಸಿಕ್ಕವರದು.

ಆ ದನಿಗೆ ಹಾಡುವ ಆಸೆ ಇದ್ದದ್ದು ವಿಧಿಯ ಚೇಷ್ಟೆ. ಬಸದಿಯ ಮಹಿಳಾ ಮಂಡಳದಲ್ಲಿ ಆಕೆ ಸದಸ್ಯೆ. ಮಂಡಳದ ಮುಖ್ಯಸ್ಥೆ ಸುಲೋಚನಾತಾಯಿ, ನಾಲಿಗೆಯ ಮೇಲೆ ಸದಾ ಸಕ್ಕರೆಯ ಹರಳಿಟ್ಟುಕೊಂಡೇ ಮಾತಾಡುವವರು, ಒಂದು ಪರ್ಯೂಷಣ ಹಬ್ಬದಲ್ಲಿ ಆಕೆಯ ಕೈ ಹಿಡಿದು, "ಅಕ್ಕಾರ, ನಿಮಗ ತ್ರಾಸ ಆಗ್ತದ. ನೀವು ಬರೇ ತುಟಿ ಆಡಸ್ರಿ, ದನಿ ನಾವು ಹಚ್ಚತೀವಿ," ಎಂದಿದ್ದರು. ಅಂದಿನಿಂದ ಪದ್ಮಕ್ಕ ತುಟಿ ಆಡಿಸುತ್ತಿದ್ದಳು. ಭಗವಂತನಿಗೆ ತುಟಿ ಓದಲು ಬರುತ್ತದೆಂದು ಅವರೆಲ್ಲ ನಂಬಿದ್ದರೋ ಏನೋ.

ಈಗ ಆಕೆ ಬಂದದ್ದು ಗಂಟಲು ತೋರಿಸಲಿಕ್ಕೆ. ಬೆಳಗಾವಿಯ ಡಾಕ್ಟರರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಸ್ವರತಂತುಗಳ ಮೇಲೆ ಗಂಟುಗಳಿವೆ, ಕೆಟ್ಟವಲ್ಲ, ಆದರೆ ತೆಗೆಸಬೇಕು, ಅಲ್ಲಿಯವರೆಗೆ ಪಿಸುಮಾತಿಗಿಂತ ಜೋರಾಗಿ ಮಾತಾಡಬಾರದು ಎಂದರು. ಒದರಿದರೆ ಒಳಗೆ ರಕ್ತ ಕಟ್ಟಿ ದನಿಯೇ ಪೂರ್ತಿ ಹೋಗಬಹುದು ಎಂದೂ ಎಚ್ಚರಿಸಿದರು. ಪದ್ಮಕ್ಕ ಎಲ್ಲವನ್ನೂ ತಲೆಯಾಡಿಸಿ ಕೇಳಿ, ಮನೆಗೆ ಬಂದು, ಪಡುವಣ ಕಿಟಕಿಯಿಂದ ಸೂರ್ಯನನ್ನು ನೋಡಿ, ಮೆಟ್ಟಿಲ ಬುಡದಲ್ಲಿ ನಿಂತು, ಮಾಳಿಗೆಯ ಕಡೆ ಕತ್ತೆತ್ತಿ ಕೂಗಿದಳು:

"ಶ್ರೇಯಾಂಸಾ! ಹೊತ್ತ ಮುಳಗಾಕತ್ತೈತಿ! ಬಾರೋ ಉಣ್ಣಾಕ!"

ಕೌದಿ ನಡುಗಿತು. ಅಡುಗೆಮನೆಯಲ್ಲಿ ಸುನಂದಾಳ ಕೈಯಿಂದ ಸೌಟು ಜಾರಿತು. ಅಂದು ಫೌಂಡ್ರಿಗೆ ರಜೆ, ಮೇಲೆ ಹುಡುಗ ತನ್ನ ಗಿಟಾರು ಧ್ವನಿಮುದ್ರಿಸುತ್ತ ಕೂತಿದ್ದ, ಮೈಕು ತೆರೆದಿತ್ತು. ಅವನು ಕೆಳಗಿಳಿದು ಬಂದಾಗಿನ ಮುಖ ನನಗಿನ್ನೂ ನೆನಪಿದೆ. ಚಿನ್ನ ಹುಡುಕುತ್ತ ಊರೂರು ಅಲೆದವನು ಮನೆಯ ಒಲೆಗಲ್ಲೇ ಚಿನ್ನದ್ದೆಂದು ತಿಳಿದಾಗ ಹಾಗಿರಬಹುದು.

"ಅತ್ತಿ, ಇನ್ನೊಮ್ಮೆ ಹಂಗ ಒದರ್ತೀ?"

"ಯಾಕೋ, ಕಿವಿ ಕೇಳಸೂದಿಲ್ಲೇನು?"

ಉಣ್ಣುತ್ತ ಉಣ್ಣುತ್ತಲೇ ಅವನು ಎಲ್ಲ ಹೇಳಿದ. ಬ್ಲ್ಯಾಕ್ ಮೆಟಲ್ಲನ್ನು ಪದ್ಮಕ್ಕ ಸಾಲಿಯ ತಪಾಸಣಾಧಿಕಾರಿಯ ಮಾತು ಕೇಳುವಂತೆ ಕೇಳಿದಳು, ಅಂದರೆ ನಂಬದೆ, ಆದರೆ ಅಡ್ಡಬಾಯಿ ಹಾಕದೆ. ಏಳು ನರಕಗಳ ಹೆಸರು ಬಂದಾಗ ಮಾತ್ರ ಕಣ್ಣರಳಿಸಿದಳು. ನಾನು ಕೂಡಲೇ ನಡುವೆ ಬಿದ್ದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ವೈದ್ಯನಾಗಿ ಹೇಳಿದೆ, ತಮ್ಮನಾಗಿ ಹೇಳಿದೆ, ಕಡೆಗೆ ತಂದೆಯಾಗಿ ಮಗನ ಮೇಲೆ ರೇಗಿದೆ. "ನಿನ್ನ ಆಲ್ಬಮ್ಮಿನ ಸಲವಾಗಿ ನಮ್ಮಕ್ಕ ಮೂಕಿ ಆಗಬೇಕೇನು?"

ಹುಡುಗ ತಲೆ ತಗ್ಗಿಸಿದ. ಮಾತು ಮುಗಿಯಿತೆಂದುಕೊಂಡೆ. ಪದ್ಮಕ್ಕ ಮಜ್ಜಿಗೆಯ ವಾಟಿ ಕೆಳಗಿಟ್ಟಳು.

"ಆಪರೇಶನ್ ಆದಮ್ಯಾಲ ಈ ದನಿ ಉಳಿಯೂದಿಲ್ಲ, ಹೌದಲ್ಲೋ?"

"ಛಲೋ ದನಿ ಬರತೈತಿ ಅಕ್ಕಾ."

"ಬರಲಿ. ಆದ್ರ ಇದ ಹೋಗತೈತಲ್ಲ? ಇದನ್ನ ಇಟಗೊಂಡು ಇಷ್ಟ ವರ್ಷ ಎಲ್ಲಾರ ಕಡಿಂದ ಮೆಲ್ಲಕ, ಮೆಲ್ಲಕ ಅನ್ನಿಸಿಕೊಂಡೀನಿ. ಹೋಗೂ ಮುಂದ ಒಮ್ಮೆ ಪೂರ್ತಿ ಬಿಟ್ಟ ನೋಡ್ತೀನಿ. ಮಳಿಗಾಲ ಮುಗಿಯೂತನಕ ಆಪರೇಶನ್ ಇಲ್ಲಂತ ಡಾಕ್ಟರಿಗೆ ಹೇಳು."

ಇಷ್ಟನ್ನೂ ಆಕೆ ಪಿಸುಮಾತಿನಲ್ಲಿ ಹೇಳಿದ್ದರೆ ನಾನು ವಾದಿಸುತ್ತಿದ್ದೆ. ಆದರೆ ಪೂರ್ತಿ ದನಿಯಲ್ಲಿ ಹೇಳಿದಳು. ಆ ದನಿಯೊಡನೆ ವಾದಿಸಿ ಗೆದ್ದವರು ಖಾನಾಪುರ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಹೀಗಾಗಿ ಶ್ರಾವಣದ ಒಂದು ರವಿವಾರ ನಾನೇ ಕಾರು ಓಡಿಸಿಕೊಂಡು ಮಗನನ್ನೂ ಅವನ ಯಂತ್ರಗಳನ್ನೂ ಖಾನಾಪುರಕ್ಕೆ ಕರೆದೊಯ್ದೆ. ಪದ್ಮಕ್ಕನ ಮನೆಯ ಹಿತ್ತಲಿನಾಚೆ ಅಡವಿ. ಮಳೆ, ಕಪ್ಪೆ, ಜೀರುಂಡೆ, ವಾತಾವರಣಕ್ಕೇನೂ ಕಡಿಮೆಯಿರಲಿಲ್ಲ. ಹಿಂಬಾಗಿಲ ಕಟ್ಟೆಯ ಮೇಲೆ ಮೈಕು ನಿಂತಿತು. ಅದಕ್ಕೆ ಛತ್ರಿ ಹಿಡಿಯುವ ಕೆಲಸ ನನಗೆ ಬಂತು. ತಾನ್‌ಪುರಾದ ಶ್ರುತಿ ಮಿಸುಕಿದರೆ ಮುಖ ಕಿವಿಚುವ ರಸಿಕನಾದ ನಾನು, ನರಕಕ್ಕೆ ಛತ್ರಿ ಹಿಡಿದು ನಿಂತೆ.

ಮೊದಲ ಅಡ್ಡಿ ಸಾಹಿತ್ಯದ್ದು. ಹುಡುಗ ಇಂಗ್ಲಿಷಿನಲ್ಲಿ ಪದಗಳನ್ನು ಬರೆದು ತಂದಿದ್ದ. ಪದ್ಮಕ್ಕ ಓದಿ ನೋಡಿ, ಎರಡು ಕಡೆ ಕಾಗುಣಿತ ತಿದ್ದಿ, ವಾಪಸು ಕೊಟ್ಟಳು. "ಇದನ್ನ ಒದರಾಕ ಸಿಟ್ಟ ಬರೂದಿಲ್ಲೋ. ನನಗ ಸಿಟ್ಟ ಬರೂದು ಒಂದ ವಿಷಯಕ್ಕ." ಎಂದವಳೇ ಸೆರಗು ಬಿಗಿದು, ಅಡವಿಯ ಕಡೆ ಮುಖ ಮಾಡಿ, ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಮರಾಠಿಯಲ್ಲಿ, ಹತ್ತೊಂಬತ್ತರ ಮಗ್ಗಿ ಒದರಿದಳು. ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು! ಏಕೋಣೀಸ ದುಣೇ ಅಡತೀಸ! ಮಳೆಗೆ ಹೆದರಿ ಬಾಯಿ ಬಿಡದ ಮಕ್ಕಳು, ಮಗ್ಗಿ ಬಾರದೆಯೂ ಪಾಸಾದ ಮಕ್ಕಳು, ಪಾಸು ಮಾಡಿಸೆಂದು ಬಂದ ಪಾಲಕರು, ತಗಡಿನ ಮಾಡು ಬದಲಿಸುತ್ತೇವೆಂದು ಹೇಳಿ ಹೋದ ಸಾಹೇಬರು, ಎಲ್ಲರೂ ಆ ಮಗ್ಗಿಯೊಳಗೆ ಕುದಿಯುತ್ತಿದ್ದರು. ಕಪ್ಪೆಗಳು ಬಾಯಿ ಮುಚ್ಚಿದವು. ಎಷ್ಟೋ ಹಲ್ಲು ಕಿತ್ತಿದ್ದೇನೆ, ಅಂಥ ದನಿ ಯಾವ ಬಾಯಿಂದಲೂ ಹೊರಟದ್ದನ್ನು ನಾನು ಕೇಳಿರಲಿಲ್ಲ.

ಎರಡನೆಯ ನರಕ ಮುಗಿಯುವಷ್ಟರಲ್ಲಿ ನೆರೆಮನೆಯ ಮಾರುತಿ ಬಡಿಗೆ ಹಿಡಿದು, ಹಿಂದೆ ಇಬ್ಬರನ್ನು ಕಟ್ಟಿಕೊಂಡು, ಬೇಲಿ ದಾಟಿ ಓಡಿಬಂದ.

"ಬಾಯೀ! ಕಾಯ್ ಝಾಲಂ? ಏನಾತ್ರಿ? ಅಸ್ವಲ ಬಂತೇನ್ರಿ?"

ಬಾಯಿ ಎಂದರೆ ಆ ಕಡೆ ಶಿಕ್ಷಕಿ, ಅಸ್ವಲ ಎಂದರೆ ಮರಾಠಿಯಲ್ಲಿ ಕರಡಿ. ಆ ಅಡವಿಯಲ್ಲಿ ಅವು ಇವೆ. ಪದ್ಮಕ್ಕ ಬೆವರೊರೆಸಿಕೊಂಡು, "ಅಸ್ವಲ ಅಲ್ಲೋ ಮಾರುತಿ, ನಾನ. ಹಾಡಾಕತ್ತಿದ್ದೆ," ಎಂದಳು. ಮಾರುತಿ ಮೈಕನ್ನೂ ನನ್ನ ಛತ್ರಿಯನ್ನೂ ನೋಡಿದ. "ಹಂಗಾದ್ರ ನಡೀಲ್ರಿ," ಎಂದು ಬಡಿಗೆಯನ್ನು ಗೋಡೆಗಾನಿಸಿ ಕಟ್ಟೆಯ ಮೇಲೆ ಕೂತ. ಖಯಾಲಿನ ಬೈಠಕ್ಕುಗಳಲ್ಲಿ ಗಡಿಯಾರ ನೋಡುವ ಶ್ರೋತೃಗಳನ್ನು ಎಷ್ಟೋ ಕಂಡಿದ್ದೇನೆ. ಈತ ಮಾತ್ರ ಮಳೆ ಹನಿ ಮೂಗಿನಿಂದ ತೊಟ್ಟಿಕ್ಕಿದರೂ ಒರೆಸಿಕೊಳ್ಳದೆ ಕೇಳಿದ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಆರು ನರಕ ಮುಗಿದವು. ಪದ್ಮಕ್ಕನ ದನಿ ಅಂಚಿನಲ್ಲಿ ಹರಿಯತೊಡಗಿತ್ತು. ಉಗುಳಿದಾಗ ಎಳೆಯಷ್ಟು ಕೆಂಪು ಕಂಡಿತು. ನಾನು ಛತ್ರಿ ಮಡಚಿದೆ. "ಸಾಕ ಮಾಡ ಅಕ್ಕಾ."

"ಒಂದ ಉಳದೈತಿ."

"ಅದಕ್ಕ ದೊಡ್ಡ ಒದರಾಟ ಬೇಕತ್ತಿ," ಎಂದ ಶ್ರೇಯಾಂಸ ಅಳುಕುತ್ತ. "ಮಹಾತಮಃಪ್ರಭಾ. ಎಲ್ಲಾದಕ್ಕಿಂತ ತಳದಾಗಿಂದು. ಆದ್ರ ಬ್ಯಾಡ, ನಾ ಹೆಂಗರ ಮಾಡ್ತೀನಿ."

ಪದ್ಮಕ್ಕ ಅಡವಿಯ ಕಡೆ ತಿರುಗಿದಳು. "ಅಷ್ಟ ತಳದಾಗ, ಅಷ್ಟ ಕತ್ತಲಾಗ ಯಾರರ ಒದರ್ತಾರೇನೋ? ಕೇಳವರು ಇದ್ದಾರನ್ನೂ ಆಸೆ ಇದ್ರ ಒದರೂದು." ಹಾಗೆಂದು ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ನಮ್ಮವ್ವ ಬಸದಿಗೆ ಹೋಗುವಾಗ ದಾರಿಯುದ್ದ ಗುಣುಗುತ್ತಿದ್ದ ಸ್ತವನವೊಂದನ್ನು ತನಗೆ ತಾನೇ ಹಾಡಿಕೊಳ್ಳತೊಡಗಿದಳು. ಸ್ವರ ನಿಲ್ಲುತ್ತಿರಲಿಲ್ಲ, ಒಂದು ದನಿ ಮೇಲೆ ಹೋದರೆ ಇನ್ನೊಂದು ಕೆಳಗೆ ಜಾರುತ್ತಿತ್ತು, ನಡುವೆ ಉಸಿರು ಮಾತ್ರ ಉಳಿದು, ಮತ್ತೆ ಎಲ್ಲಿಂದಲೋ ದನಿ ಬಂದು ಸೇರುತ್ತಿತ್ತು. ಶ್ರುತಿ ತಪ್ಪಿದ್ದನ್ನು ಹಿಡಿಯುವುದು ನನ್ನ ಜೀವಮಾನದ ಹವ್ಯಾಸ. ಅಂದು ಹಿಡಿಯಲು ಹೋಗಲಿಲ್ಲ. ಮಾರುತಿಯ ಜೊತೆಗಾರನೊಬ್ಬ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡದ್ದು ನೆನಪಿದೆ. ಹಾಡು ಮುಗಿದ ಮೇಲೆ ಪದ್ಮಕ್ಕನೇ ಎದ್ದು ಚಹಾಕ್ಕಿಟ್ಟಳು.

ಆಲ್ಬಮ್ಮು ಅಂತರ್ಜಾಲಕ್ಕೇರಿತು. ಮೊದಲು ಕೇಳಿದವರು ಯಾರೆಂದು ಹೇಳಲಾರೆ, ಬೆಳಗಾವಿಯವರಂತೂ ಅಲ್ಲ. ನಮ್ಮೂರಿನ ಸಂಗೀತಪ್ರೇಮಿಗಳು ಎಂದಿನಂತೆ ಸತ್ತವರನ್ನು ಕೇಳುತ್ತಿದ್ದರು. ಹಿಮದ ದೇಶದ ವಿಮರ್ಶಕನೊಬ್ಬನ ಕಣ್ಣಿಗೆ ಅದು ಬಿತ್ತು. ಮಗ ಅವನ ಲೇಖನವನ್ನು ಓದಿ ಹೇಳಿದಾಗ ನಾನೂ ಸುನಂದಾಳೂ ಮುಖ ಮುಖ ನೋಡಿಕೊಂಡೆವು. ಸಹ್ಯಾದ್ರಿಯ ಗುಹೆಯಲ್ಲಿ ವಾಸಿಸುವ ಮುದಿ ಮಾಂತ್ರಿಕೆಯೊಬ್ಬಳು ಆಲ್ಬಮ್ಮಿನ ಮೊದಲಲ್ಲೇ ಸೂರ್ಯನ ಸಾವನ್ನು ಘೋಷಿಸಿ ಹಸಿದ ಆತ್ಮಗಳನ್ನು ಆಹ್ವಾನಿಸುತ್ತಾಳೆ ಎಂದು ಅವನು ಕಂಡುಕೊಂಡಿದ್ದ. ಹುಡುಗ ಅಂದಿನ ಊಟದ ಕೂಗನ್ನು ಕೊಂಚವೂ ತಿದ್ದದೆ ಮೊದಲಿಗೇ ಇಟ್ಟಿದ್ದನಲ್ಲ; ಹೊತ್ತು ಮುಳುಗುತ್ತಿದೆ ಎಂಬುದೂ ನಿಜ, ಹಸಿದ ಆತ್ಮವೊಂದನ್ನು ಕರೆದದ್ದೂ ನಿಜ. ವಿಮರ್ಶಕರು ಹೀಗೆ ಪೂರ್ತಿ ತಪ್ಪಾಗಿಯೂ ಪೂರ್ತಿ ಸರಿಯಾಗಿರಬಲ್ಲರು. ಅದರ ಬೆನ್ನಿಗೆ ಬರುವ ಹಾಡಿನ ಗೂಢಮಂತ್ರಗಳು ಲುಪ್ತವಾದ ಯಾವುದೋ ಆಚರಣೆಗೆ ಸೇರಿದವೆಂದೂ ಅವನು ತರ್ಕಿಸಿದ್ದ. ಮಗ್ಗಿ ಬಾಯಿಪಾಠ ಮಾಡಿಸುವುದು ಈಗಿನ ಸಾಲಿಗಳಲ್ಲಿ ಲುಪ್ತವಾದದ್ದು ಸುಳ್ಳಲ್ಲವಲ್ಲ!

ಪರದೇಶದಲ್ಲಿ ಹೊಗಳಿದರೆಂಬ ಸುದ್ದಿ ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಬಂದದ್ದೇ ತಡ, ಊರು ಎಚ್ಚೆತ್ತಿತು. ಪದ್ಮಕ್ಕ ಡಾಕ್ಟರರ ಭೇಟಿಗೆಂದು ನಮ್ಮಲ್ಲಿದ್ದ ದಿನವೇ ಎರಡು ತಂಡಗಳು ಬಂದವು, ದುರದೈವದಿಂದ ಒಂದೇ ಹೊತ್ತಿಗೆ. ಒಂದು ಕನ್ನಡದ ಅಭಿಮಾನಿಗಳದು, ಈ ನೆಲದ ಮೊದಲ ಕನ್ನಡ ಆರ್ಭಟಕ್ಕೆ ಹಾರ ಹಾಕಲು. ಇನ್ನೊಂದು ಮರಾಠಿಯ ಅಭಿಮಾನಿಗಳದು, ಆ ಆರ್ಭಟ ಮೂಲತಃ ತಮ್ಮದೆಂದು ತಿಳಿಸಲು. ಗಡಿಯ ಊರಿನಲ್ಲಿ ಕೆಮ್ಮಿದರೂ ಯಾವ ಭಾಷೆಯಲ್ಲಿ ಕೆಮ್ಮಿದೆ ಎಂದು ಕೇಳುವವರಿರುತ್ತಾರೆ. ಇನ್ನು ಒದರಿದರೆ ಬಿಟ್ಟಾರೆಯೇ? ನನ್ನ ಪಡಸಾಲೆಯಲ್ಲಿ ಎರಡೂ ಕಡೆಯವರು ಎದುರುಬದುರು ಕೂತರು. ಹಾರಗಳು ಅವರವರ ಮೊಣಕಾಲ ಮೇಲೆ ಬಾಡುತ್ತಿದ್ದವು.

"ಬಾಯೀ, ನೀವ ಹೇಳ್ರಿ. ಅದು ಕನ್ನಡ ಹೌದಲ್ರಿ?"

"ಸಾಂಗಾ ಬಾಯೀ, ಮರಾಠೀಚ ನಾ?"

"ಅದು ಮಗ್ಗಿ," ಎಂದಳು ಪದ್ಮಕ್ಕ. "ಹತ್ತೊಂಬತ್ತೆರಡ್ಲೆ ಯಾವ ಭಾಷ್ಯಾಗ ಹೇಳಿದ್ರೂ ಮೂವತ್ತೆಂಟ. ಅಭಿಮಾನ ಇರಲಿ. ಹತ್ತೊಂಬತ್ತೇಳ್ಲೆ ಎಷ್ಟು? ಯಾರರ ಹೇಳ್ರಿ ನೋಡೂಣು. ಯಾವ ಭಾಷ್ಯಾಗಾದ್ರೂ ನಡೀತೈತಿ."

ಒಬ್ಬರು ಸೂರು ನೋಡಿದರು, ಒಬ್ಬರು ಮೊಬೈಲಿಗೆ ಕೈಹಾಕಿ ಪದ್ಮಕ್ಕನ ಕಣ್ಣು ಕಂಡು ಹಿಂತೆಗೆದರು. ಅಷ್ಟು ವರ್ಷಗಳ ವಾದದಲ್ಲಿ ಎರಡೂ ಬಣಗಳು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಹಾ ಕುಡಿದು ಸೌಹಾರ್ದದಿಂದ ಚದುರಿದರು.

ಇನ್ನು ನಮ್ಮ ಸಮಾಜ. ಅಧ್ಯಕ್ಷ ಅಣ್ಣಾಸಾಹೇಬರು ಮೊದಲು ನನಗೆ ಫೋನು ಮಾಡಿ, "ಏನ್ ಡಾಕ್ಟರ, ಮನಿತನದಾಗ ನರಕ ಮಾರಾಕತ್ತೀರಂತ?" ಎಂದು ಗುಡುಗಿದ್ದರು. ವಿದೇಶದ ವಿಷಯ ತಿಳಿದ ಮೇಲೆ ಮತ್ತೆ ಫೋನು ಬಂತು. ಗುಡುಗಿನ ಜಾಗದಲ್ಲಿ ತುಂತುರು ಇತ್ತು. ಆಗಮಗಳಲ್ಲಿ ಬಂದ ನರಕವರ್ಣನೆಯನ್ನು ಜಗತ್ತಿಗೆ ಮುಟ್ಟಿಸಿದ್ದು ಧರ್ಮಪ್ರಭಾವನೆಯೇ ಅಲ್ಲವೆ, ಸನ್ಮಾನ ಇಟ್ಟುಕೊಳ್ಳೋಣವೆ? ಕೇಳಿದ್ದೀರಾ ಎಂದೆ. ಕೇಳುವುದೇನಿದೆ, ಓದಿದ್ದೇವಲ್ಲ ಎಂದರು.

ಮಳೆ ಹಿಂದಾದ ಮೇಲೊಂದು ರವಿವಾರ ಬೆಳಿಗ್ಗೆ ಸಮಾಜದ ಸಭಾಭವನದಲ್ಲಿ ಸನ್ಮಾನ ನಡೆಯಿತು. ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ನಡುವೆ ಒಂದೇ ದಿನ ಉಳಿದಿತ್ತು. ಭವನ ತುಂಬಿತ್ತು, ಏಕೆಂದರೆ ಕಾರ್ಯಕ್ರಮದ ಕೊನೆಗೆ ಹೋಳಿಗೆ ಊಟವಿತ್ತು. ಅಣ್ಣಾಸಾಹೇಬರು ಭಾಷಣದಲ್ಲಿ ಪದ್ಮಕ್ಕನ ಕೋಗಿಲೆಯಂಥ ಕಂಠವನ್ನೂ ಆಲ್ಬಮ್ಮಿನ ಸುಮಧುರ ಗಾಯನವನ್ನೂ ಕೊಂಡಾಡಿ, ಮಕ್ಕಳಿಗೆಲ್ಲ ಇದನ್ನು ಮಲಗುವಾಗ ಕೇಳಿಸಬೇಕೆಂದು ಕರೆ ಕೊಟ್ಟರು. ಮುಂದಿನ ಸಾಲಿನಲ್ಲಿ ಶ್ರೇಯಾಂಸ ಕರವಸ್ತ್ರ ಬಾಯಿಗೆ ತುರುಕಿಕೊಂಡ. ಸುಲೋಚನಾತಾಯಿ ಖಾನಾಪುರದಿಂದ ಮಂಡಳವನ್ನೆಲ್ಲ ಕರೆತಂದಿದ್ದರು. ಶಾಲು ಹೊದಿಸುತ್ತ ಮೈಕಿನಲ್ಲಿ ಹೇಳಿದರು: "ಅಕ್ಕಾ ಅವರ ದನಿಯ ಬೆಲಿ ಮೊದಲ ಗುರುತಿಸಿದವರ ನಾವು. ನಮ್ಮ ಮಂಡಳದಾಗ ಅವರು ಅಷ್ಟ ವರ್ಷ ಹಾಡ್ಯಾರ!"

ಪದ್ಮಕ್ಕ ಮೈಕಿನ ಮುಂದೆ ಬಂದಳು. ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟಳು.

"ಸುಲೋಚನಾತಾಯಿ ಹೇಳಿದ್ದ ಖರೇ ಮಾಡೂ ಹೊಣಿ ನಂದೈತಿ. ನಾಡದ ನನ್ನ ಗಂಟಲ ಕೊಯ್ತಾರ. ಆಮ್ಯಾಲ ಈ ದನಿ ನಿಮಗೂ ಸಿಗೂದಿಲ್ಲ, ನನಗೂ ಸಿಗೂದಿಲ್ಲ. ಒಂದ ಸ್ತವನ ಹೇಳ್ತೀನಿ. ಪೂರ್ತಿ ಕೇಳ್ರಿ. ಹೋಳಗಿ ಎಲ್ಲೂ ಓಡಿ ಹೋಗೂದಿಲ್ಲ."

ಹಾಡಿದಳು. ಖಾನಾಪುರದ ಕಟ್ಟೆಯ ಮೇಲಿನ ಗುಣುಗಲ್ಲ ಅದು. ತಗಡಿನ ಮಾಡಿನ ಮಳೆಗೆದುರಾಗಿ ನಿಲ್ಲುತ್ತಿದ್ದ ಪೂರ್ತಿ ದನಿ, ಒಂದು ಚರಣವನ್ನೂ ಬಿಡದೆ. ಮೈಕು ಕುಯ್‌ಗುಟ್ಟಿ ಸೋತು ಸುಮ್ಮನಾಯಿತು. ಕೂಸುಗಳು ಅತ್ತವು, ಅಣ್ಣಾಸಾಹೇಬರ ಉಂಗುರದ ಬೆರಳುಗಳು ಕಿವಿಯವರೆಗೂ ಹೋಗಿ, ಸಭೆಯ ನೆನಪಾಗಿ, ಕೂದಲು ಸರಿಪಡಿಸಿಕೊಂಡು ಇಳಿದವು. ಯಾರೂ ಏಳುವಂತಿರಲಿಲ್ಲ. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ಮಂಡಳದ ಹೆಂಗಸರು ಆ ಸ್ತವನ ಬಲ್ಲವರು. ಕೊನೆಯ ಚರಣಕ್ಕೆ ಅವರಲ್ಲಿ ಕೆಲವರು ದನಿಗೂಡಿಸಿದರು, ಸುಲೋಚನಾತಾಯಿಯ ಮುಖ ನೋಡದೆ. ಪಕ್ಕದಲ್ಲಿ ಸುನಂದಾ ನನ್ನ ಮುಂಗೈಯನ್ನು ಉಗುರಿಳಿಯುವಂತೆ ಹಿಡಿದಿದ್ದಳು. ಹುಡುಗ ಸಂಜೆ ಏನು ಮಾಡುತ್ತಾನೆಂಬ ಚಿಂತೆಯನ್ನು ಆಕೆ ಆಮೇಲೆ ಎತ್ತಲಿಲ್ಲ.

ಶಸ್ತ್ರಕ್ರಿಯೆ ಸುಸೂತ್ರವಾಯಿತು. ಗಂಟುಗಳು ಹೋದವು. ಡಾಕ್ಟರರು ಕೆಲ ವಾರ ಪೂರ್ಣ ಮೌನ ವಿಧಿಸಿದರು. ಪದ್ಮಕ್ಕ ಅದನ್ನು ತನ್ನ ಮನೆಯಲ್ಲೇ ಆಚರಿಸುತ್ತೇನೆಂದು ಕೈಸನ್ನೆಯಲ್ಲೇ ಜಗಳವಾಡಿ ಗೆದ್ದು ಖಾನಾಪುರಕ್ಕೆ ಹೋದಳು. ನಮಗೆ ಆತಂಕವಿತ್ತು. ಮಳೆಯಲ್ಲಿ ಅಷ್ಟೊಂದು ಒದರಿದ್ದಾಳೆ, ಏನು ಉಳಿದಿದೆಯೋ ಯಾರಿಗೆ ಗೊತ್ತು? ಶ್ರೇಯಾಂಸ ಗಿಟಾರು ಮುಟ್ಟಲಿಲ್ಲ. ಹಿಮದ ದೇಶದಿಂದ ಇನ್ನೊಂದು ಆಲ್ಬಮ್ಮಿಗೆ ಬೇಡಿಕೆ ಬಂದಿತ್ತು, ಅವನು ಉತ್ತರಿಸಿರಲಿಲ್ಲ. "ಅತ್ತಿ ದನಿ ಹೋದ್ರ ನನ್ನಿಂದ ಹೋತ ಪಪ್ಪಾ," ಎಂದು ಒಂದೇ ಸಲ ಹೇಳಿದ.

ಒಂದು ಮುಂಜಾನೆ ದವಾಖಾನೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಫೋನು ಬಂತು. ಯಾವುದೋ ಗೊತ್ತಿಲ್ಲದ ನಂಬರು.

"ಹಲೋ," ಎಂದಿತು ತೆಳ್ಳಗಿನ, ಸ್ವಚ್ಛವಾದ, ಒಂದೇ ಎಳೆಯ ದನಿ. ರೇಡಿಯೋದಲ್ಲಿ ಹವಾಮಾನ ಓದಲು ಯೋಗ್ಯವಾದದ್ದು.

"ಯಾರ್ರೀ ಮಾತಾಡೂದು?"

"ಅದನ್ನ ಕೇಳಾಕ ಮಾರುತಿ ಫೋನ್ ಇಸಗೊಂಡು ಹಚ್ಚೀನಿ. ಮುಂಜಾನಿಂದ ಮಾತಾಡಾಕತ್ತೀನಿ, ಯಾರಂತ ತಿಳಿವಲ್ದು. ನಿನಗ ಯಾರಂತ ಅನಸ್ತೈತಿ?"

ಕಾಲಿಗೆ ಚಪ್ಪಲಿ ಸಿಗಲಿಲ್ಲ. ಕಣ್ಣು ಮಂಜಾಗಿತ್ತು. ನಗುತ್ತಲೇ ಹೇಳಿದೆ: "ಯಾರೋ ಮೆತ್ತನ್ನ ಸ್ವಭಾವದ, ಸಂಭಾವಿತ ಹೆಣಮಗಳು ಅನಸ್ತೈತಿ."

"ಹಂಗಾದ್ರ ರಾಂಗ್ ನಂಬರ್ ತಗೋಪಾ," ಎಂದು ಪದ್ಮಕ್ಕ ಫೋನು ಇಟ್ಟಳು.